ಲೀಲಂಡನ ಬ್ರೇಕ್ ಡಬ್ಬಿ

ಅಂಗೈಯಗಲದ ಆ ಡಬ್ಬಿಯನ್ನು ಕಾರಿನೊಳಗೆ ಕೂರಿಸಿ ನಾಲ್ಕು ವೈರು ಜೋಡಿಸಿದರೆ ಸಾಕು, ಕಾರಿನ ಬ್ರೇಕ್ ತುಳಿದಾಗ ಹಿಂದೆ ಕಟ್ಟಿದ ಟ್ರೈಲರೂ ತಾನಾಗಿ ನಿಲ್ಲುತ್ತದೆ ಎಂದು ಅಂಗಡಿಯವನು ಹೇಳಿದ್ದ. ಅಮೆರಿಕದ ಒಕ್ಲಹೋಮದಲ್ಲಿ ಗಂಡಸಾದವನು ಇಷ್ಟಕ್ಕೆಲ್ಲ ಮೆಕ್ಯಾನಿಕ್ಕನ್ನು ಹುಡುಕುವುದಿಲ್ಲ. ಲೀಲಂಡ್ ಟ್ಯಾಕೆಟ್ ಕೂಡ ಹುಡುಕಲಿಲ್ಲ. ಅಂಗಳದಲ್ಲೇ ಎಸ್‌ಯುವಿಯ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ ಮಲಗಿದ.

ಮಗಳು ಡೆಲ್ಲಾ ಬಾಟಲಿ ಹಾಲು ಕುಡಿಸಿ ಸಾಕಿದ ಕರುವನ್ನು ಮಧ್ಯಾಹ್ನದೊಳಗೆ ಜಾನುವಾರು ಪ್ರದರ್ಶನಕ್ಕೆ ಮುಟ್ಟಿಸಬೇಕಿತ್ತು. ಪ್ರತಿ ವರ್ಷ ಅವಳನ್ನು ಕರೆದೊಯ್ಯುತ್ತಿದ್ದವನು ಅವಳ ತಾಯಿಯ ಎರಡನೇ ಗಂಡ ಟ್ರೆಂಟ್. ಅವನದು ಮನೆಯೆತ್ತರದ ಪಿಕಪ್. ಈ ಸಲ ಮಾತ್ರ ಡೆಲ್ಲಾ "ಅಪ್ಪನ ಜೊತೆ ಹೋಗ್ತೀನಿ" ಎಂದಿದ್ದಳು. ಆ ಮಾತನ್ನು ಲೀಲಂಡ್ ವಾರದಿಂದ ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡು ತಿರುಗುತ್ತಿದ್ದ.

ಕರು ಸಾಗಿಸಲು ಟ್ರೈಲರ್ ಎರವಲು ಕೊಟ್ಟವನು ಎದುರುಮನೆಯ ಬರ್ಲ್. ಕೊಟ್ಟವನು ಸುಮ್ಮನಿರುತ್ತಾನೆಯೇ? ಮಡಚುವ ಕುರ್ಚಿ ತಂದು ಕೂತ. ಪಕ್ಕದ ಮನೆಯ ಓಪಲ್ ಐಸ್ ಟೀ ಹಿಡಿದು ಬಂದಳು.

"ನೀಲಿ ವೈರು ಬ್ರೇಕಿಗೆ, ತಮ್ಮಾ," ಎಂದ ಬರ್ಲ್.

"ಕೆಂಪಲ್ವಾ? ನನ್ನ ಮೊದಲನೇ ಗಂಡ ಕೆಂಪೇ ಹಾಕಿದ್ದ," ಎಂದಳು ಓಪಲ್.

"ಆಮೇಲೆ?" ಒಳಗಿನಿಂದ ಲೀಲಂಡ್ ಕೇಳಿದ.

"ಆಮೇಲೆ ಎರಡನೆಯವನನ್ನ ಮಾಡ್ಕೊಂಡೆ."

"ಡಬ್ಬಿ ಜೊತೆಗೆ ಕೊಟ್ಟ ಪುಸ್ತಕ ನೋಡ್ಲಾ?" ಎಂದ ಲೀಲಂಡ್.

"ಪುಸ್ತಕ ಓದಿ ಯಾರಾದ್ರೂ ಈಜ್ತಾರಾ? ಕತ್ತರಿಸು!" ಎಂದ ಬರ್ಲ್.

ಕತ್ತರಿಸಿದ. ಫ್ಯೂಸು ಸುಟ್ಟಿತು. ಇನ್ನೊಂದು ಹಾಕಿದ. ಹಾರನ್ ಕಟುಕನ ಕೈಗೆ ಸಿಕ್ಕ ಹಂದಿಯಂತೆ ಅರಚಿತು, ಸುಡುಬಿಸಿಲಲ್ಲಿ ವೈಪರ್ ಕುಣಿಯಿತು. ಕೊನೆಗೂ ಡಬ್ಬಿಯಲ್ಲಿ ದೀಪ ಹತ್ತಿತು. ಅದರಲ್ಲಿ ಮೂಡಿದ್ದು ಇಷ್ಟು: ಟ್ರೈಲರ್ ಇಲ್ಲ.

"ಬೆನ್ನ ಹಿಂದೇನೇ ನಿಂತಿರೋದು ಇದಕ್ಕೆ ಕಾಣ್ತಿಲ್ವಾ? ಬರ್ಲ್, ನಿನ್ನ ಟ್ರೈಲರಿನ ಬ್ರೇಕ್ ಸರಿ ಇದೆ ತಾನೇ?"

ಬರ್ಲ್ ಎದ್ದು ನಿಂತ. "ನನ್ನ ಹೆಂಡ್ತಿ ನಡತೆ ಬಗ್ಗೆ ಕೇಳು, ಸಹಿಸ್ಕೋತೀನಿ. ಟ್ರೈಲರ್ ಬಗ್ಗೆ ಕೇಳ್ಬೇಡ. ಅದರ ಬ್ರೇಕ್ ಇವತ್ತಿನವರೆಗೂ ಕೆಟ್ಟಿಲ್ಲ!"

ಇನ್ನು ಟ್ರೈಲರಿನ ಅಡಿಗೆ ಬಗ್ಗಿ ನೋಡುವುದು ಮರ್ಯಾದೆಯಲ್ಲ. ಲೀಲಂಡ್ ಮತ್ತೆರಡು ವೈರು ಕತ್ತರಿಸಿದ. ಕಾರು ಒಮ್ಮೆ ಬಿಕ್ಕಳಿಸಿ ಪೂರ್ತಿ ಸತ್ತಿತು.

ಕರುವಿನ ಹಗ್ಗ ಹಿಡಿದು ನಿಂತಿದ್ದ ಡೆಲ್ಲಾ ಮೆಲ್ಲಗೆ ಕೇಳಿದಳು: "ಅಪ್ಪಾ, ಟ್ರೆಂಟ್‌ಗೆ ಫೋನ್ ಮಾಡ್ಲಾ?"

ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಟ್ರೆಂಟ್ ಬಂದ. ಯಾರನ್ನೂ ಕೇಳದೆ ಟ್ರೈಲರಿನ ಅಡಿಗೆ ಬಗ್ಗಿ ನೋಡಿದ. ನಕ್ಕ.

"ಲೀಲಂಡ್, ಇದಕ್ಕೆ ಬ್ರೇಕೇ ಇಲ್ವಲ್ಲ ಮಾರಾಯ. ಇಷ್ಟು ಚಿಕ್ಕದಕ್ಕೆ ಬೇಕಾಗೋದೂ ಇಲ್ಲ. ಬೆಳಿಗ್ಗೆನೇ ಕೊಕ್ಕೆ ಹಾಕ್ಕೊಂಡು ಹೊರಟುಬಿಡಬಹುದಿತ್ತು."

ಎಲ್ಲರೂ ಬರ್ಲನತ್ತ ತಿರುಗಿದರು. ಬರ್ಲ್ ಕುರ್ಚಿ ಮಡಚಿದ. "ಅದಕ್ಕೇ ಮತ್ತೆ, ಕೆಟ್ಟಿರಲಿಲ್ಲ," ಎಂದ.

ಅದೇ ಟ್ರೈಲರನ್ನು ಟ್ರೆಂಟ್ ತನ್ನ ಪಿಕಪ್ಪಿಗೆ ಕಟ್ಟಿದ. ಕರು ಹತ್ತಿತು. ಡೆಲ್ಲಾ ಮುಂದೆ ಕೂತಳು.

"ನೀನೂ ಬಾ, ಹಿಂದಿನ ಸೀಟಲ್ಲಿ ಜಾಗ ಇದೆ," ಎಂದ ಟ್ರೆಂಟ್. ಅವನು ಒಳ್ಳೆಯವನೂ ಆಗಿದ್ದುದೇ ಲೀಲಂಡನಿಗೆ ತಡೆಯಲಾಗದ ಸಂಕಟ.

ಬೂಸಾ ಚೀಲದ ಪಕ್ಕ ಮಂಡಿ ಮಡಚಿ ಕೂತ. ಡೆಲ್ಲಾ ಹಿಂತಿರುಗಿ ನೋಡಿದಳು. "ಬೆಲ್ಟ್ ಹಾಕ್ಕೋ ಅಪ್ಪಾ."

ಹಾಕಿಕೊಂಡ. ಆ ದಿನ ಅವನ ಕೈಯಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೂತದ್ದು ಅದೊಂದೇ.