ದುರಗವ್ವನ ಲೆಕ್ಕಕ್ಕೆ ಬಾರದ ಹುಂಜ

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲದಲ್ಲಿ ವಿಜಾಪುರದ ಗೂಡ್ಸ್ ಆಫೀಸಿನ ಗುಮಾಸ್ತ ಗೊಲ್ಲಾಳಪ್ಪ ಒಂದು ಘನವಾದ ನಿರ್ಧಾರ ಮಾಡಿದ. ಇಡೀ ಮುಂಬೈ ಇಲಾಖೆಯಲ್ಲೇ ಅತಿ ಸಣ್ಣ, ಅತಿ ಚೆಲುವಿನ ಹುಂಜ ತನ್ನ ಹಿತ್ತಲಲ್ಲೇ ಹುಟ್ಟಬೇಕು! ಎಷ್ಟು ಸಣ್ಣದೆಂದರೆ, ಅವನ ಟೊಪ್ಪಿಗೆಯೊಳಗೆ ಕೂತರೆ ಬಾಲವಷ್ಟೇ ಹೊರಗೆ ಕಾಣಬೇಕು.

ಇದಕ್ಕೆ ಮೂಲ ವರ್ಗವಾಗಿ ಹೋದ ಒಬ್ಬ ರೈಲ್ವೆ ಸಾಹೇಬ. ಹೋಗುವಾಗ ಆತ ತನ್ನ ಅಲಂಕಾರದ ಕೋಳಿಗಳಲ್ಲಿ ಒಂದು ಹುಂಜ, ಎರಡು ಹ್ಯಾಟಿ, ಅಂದರೆ ಹೆಣ್ಣುಕೋಳಿಗಳನ್ನು ಗೊಲ್ಲಾಳಪ್ಪನ ಕೈಗಿಟ್ಟಿದ್ದ. ಜೊತೆಗೆ ಹರಿದ ಇಂಗ್ಲಿಷ್ ಪುಸ್ತಕವೊಂದು. ಬ್ಯಾಂಟಮ್ ಎಂಬುದು ಅವುಗಳ ಜಾತಿ. ಕಾಲ್ಬೆರಳ ತನಕ ಗರಿ, ನೆಲ ಸವರುವ ರೆಕ್ಕೆ, ನಡೆದರೆ ಜಹಗೀರದಾರರ ನಡಿಗೆ. ಸ್ಟೇಷನ್ ರಸ್ತೆಯ ಜನ ಮಾತ್ರ ಅವಕ್ಕೆ ಗಿಡ್ಡ ಕೋಳಿ ಎಂದು ಹೆಸರಿಟ್ಟು ಮುಂದೆ ಹೋದರು.

ಲೋಕವೆಲ್ಲ ದಪ್ಪ ಕೋಳಿ ಆರಿಸಿದರೆ ಗೊಲ್ಲಾಳಪ್ಪ ಸಣ್ಣದನ್ನು ಆರಿಸಿದ. ಹತ್ತು ಮೊಟ್ಟೆ ಬಂದರೆ ಅತಿ ಸಣ್ಣ ಮೂರನ್ನೇ ಕಾವಿಗಿಟ್ಟ. ಬೇಗ ಹುಟ್ಟಿದ ಮರಿ ಬೇಗ ಬೆಳೆದುಬಿಡುತ್ತದೆಂದು ಹಂಗಾಮು ಮೀರಿದ ಮೇಲೆ ಮರಿ ಮಾಡಿಸಿದ. ಸಿಂಪಿಗನ ಟೇಪು ತಂದು ಕಾಲು ಅಳೆದ. ಪತ್ತಾರನ ಬಂಗಾರ ತೂಗುವ ತಕ್ಕಡಿ ತಂದು ತೂಗಿದ. ಕೋಳಿ ಅದರಲ್ಲಿ ಮಾಡಬಾರದ್ದನ್ನು ಮಾಡಿದ ಮೇಲೆ ಪತ್ತಾರ ಇವನನ್ನು ಕಂಡರೆ ಅಂಗಡಿಯ ಬಾಗಿಲು ಮುಂದೆ ಮಾಡತೊಡಗಿದ. ಯಾವುದರ ಮಗ ಯಾವುದು, ಯಾರ ಜುಟ್ಟು ಯಾರಿಗೆ ಬಂತು ಎಂಬುದೆಲ್ಲ ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಲ್ಲಿ ಏರಿತು.

ಹೆಂಡತಿ ಪರಸವ್ವ ಒಂದು ದಿನ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗೋಡೆ ನೋಡಿದಳು.

"ನಿಮ್ಮ ಮುತ್ತ್ಯಾನ ಅಪ್ಪನ ಹೆಸರ ಕೇಳಿದರ ತಲಿ ಕೆರಕೋತೀರಿ. ಕೋಳಿ ಮುತ್ತ್ಯಾನ ಹೆಸರ ಮಾತ್ರ ಗ್ವಾಡಿ ಮ್ಯಾಲ ಬರದೀರಿ."

"ನಮ್ಮ ಮುತ್ತ್ಯಾ ಬರದಿಡೂವಷ್ಟು ಚಂದ ಇರಲಿಲ್ಲ ಬಿಡು," ಎಂದ ಗೊಲ್ಲಾಳಪ್ಪ. ಆ ದಿನದ ರೊಟ್ಟಿ ಒಂದೇ ಮಗ್ಗುಲು ಸುಟ್ಟಿತ್ತು.

ನಾಲ್ಕು ವರ್ಷ ಇದೇ ತಪಸ್ಸು. ಒಂದಕ್ಕೆ ಕಾಲಿನ ಗರಿ ಬಂದರೆ ಬಾಲ ಸೊಟ್ಟ. ಬಾಲ ನೆಟ್ಟಗಾದರೆ ಜುಟ್ಟು ಒಂದು ಕಡೆ ವಾಲಿದ್ದು. ಕೊನೆಗೆ ಯುದ್ಧ ಮುಗಿದ ಮರುವರ್ಷ ಏಳು ಹುಂಜಗಳು ಒಟ್ಟಿಗೆ ಪ್ರಾಯಕ್ಕೆ ಬಂದವು. ಆರರಲ್ಲಿ ಏನಾದರೊಂದು ಐಬು. ಏಳನೆಯದು ಮಾತ್ರ ಪುಸ್ತಕದ ಚಿತ್ರ ಎದ್ದು ಬಂದ ಹಾಗಿತ್ತು. ಗೊಲ್ಲಾಳಪ್ಪ ಅದಕ್ಕೆ ಸುಲ್ತಾನ ಎಂದು ಹೆಸರಿಟ್ಟು, ಟೊಪ್ಪಿಗೆಯಲ್ಲಿ ಕೂರಿಸಿ ನೋಡಿದ. ಬಾಲ ಮಾತ್ರ ಹೊರಗೆ! ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಇದರ ಅಪ್ಪನನ್ನು ಆಷಾಢದಲ್ಲಿ ಬೆಕ್ಕು ಒಯ್ದಿತ್ತು. ಇನ್ನು ವಂಶ ಉಳಿದರೆ ಸುಲ್ತಾನನಿಂದ, ಹೋದರೆ ನಾಲ್ಕು ವರ್ಷ ನೀರಲ್ಲಿ ಹೋಮ.

ಏಳೂ ಹುಂಜಗಳು ಕೂಗಿ ಕಾದಾಡಿ ಮನೆಯನ್ನು ಕುಸ್ತಿಯ ಅಖಾಡ ಮಾಡಿದ್ದವು. ಐಬಿನ ಆರನ್ನು ತಿಕೋಟದಲ್ಲಿದ್ದ ಅತ್ತೆ, ಪರಸವ್ವನ ತಾಯಿ ರುಕ್ಮವ್ವನ ಮನೆಗೆ ಸಾಗಹಾಕುವುದೆಂದು ಅವನು ತೀರ್ಮಾನಿಸಿದ. ಗುರುತು ತಪ್ಪಬಾರದೆಂದು ಸುಲ್ತಾನನ ಕಾಲಿಗೆ ಒಂದು ಕೆಂಪು ದಾರ ಕಟ್ಟಿದ. ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೊರಟವನು, ಬಾಬುಸಾಬನ ಮೋಟಾರಿನಲ್ಲಿ ತಿಕೋಟಕ್ಕೆ ಹುಂಜ ಕಳಿಸು, ಕಳಿಸುವಾಗ ಕಾಲಿನ ದಾರ ನೋಡು ಎಂದು ಹೆಂಡತಿಗೆ ಹೇಳಿದ. ಹೆಚ್ಚಿಗೆ ಬಿಡಿಸಿ ಹೇಳಲಿಲ್ಲ. ತಳಿಯ ಶಾಸ್ತ್ರವನ್ನು ಒಲೆಯ ಮುಂದೆ ಬಿಡಿಸುತ್ತ ಕೂತರೆ ಮುಗಿಯುವುದುಂಟೆ?

ಮಧ್ಯಾಹ್ನ ಊಟಕ್ಕೆ ಬಂದಾಗ ಹಿತ್ತಲಲ್ಲಿ ಆರೂ ಹುಂಜಗಳು ಹಾಯಾಗಿ ಕೆದರುತ್ತಿದ್ದವು. ಸುಲ್ತಾನ ಇರಲಿಲ್ಲ.

ಪರಸವ್ವನ ಮುಖದಲ್ಲಿ ಎಂದೂ ಕಾಣದ ಮೆಚ್ಚುಗೆ ಇತ್ತು. "ನಮ್ಮವ್ವ ದುರಗವ್ವಗ ಹುಂಜ ಕೊಡತೀನಂತ ಬೇಡಿಕೊಂಡದ್ದು ನಿಮಗ ನೆನಪಿರತದ ಅಂತ ನಾ ಅಂದುಕೊಂಡಿರಲಿಲ್ಲ ನೋಡ್ರಿ. ಅದೂ ಇದ್ದದ್ದರಾಗ ಚಲೋದಕ್ಕ ದಾರ ಕಟ್ಟೀರಿ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೊಲ್ಲಾಳಪ್ಪನಿಗೆ ಆಗ ಹೊಳೆಯಿತು. ಕಾಲಿಗೆ ಕೆಂಪು ದಾರ ಕಟ್ಟಿದ ಹುಂಜ ಎಂದರೆ ಅದು ದೇವಿಗೆ ಮೀಸಲು. ಸುತ್ತ ಹತ್ತೂರಿನ ಕೂಸಿಗೂ ಗೊತ್ತಿರುವ ಸಂಗತಿ ಅದು. ಅವನಿಗೂ ಗೊತ್ತಿತ್ತು! ಇಂಗ್ಲಿಷ್ ಪುಸ್ತಕ ಓದಿ ಓದಿ ತಲೆಯಿಂದ ಜಾರಿಹೋಗಿತ್ತು, ಅಷ್ಟೆ. ಇವತ್ತು ಮಂಗಳವಾರ, ದುರಗವ್ವನ ವಾರ. ಹೊತ್ತು ಇಳಿಯುವುದರೊಳಗೆ ಸುಲ್ತಾನನ ಕುತ್ತಿಗೆ ಇಳಿದಿರುತ್ತದೆ.

ರೊಟ್ಟಿಯನ್ನು ಅಲ್ಲೇ ಬಿಟ್ಟು, ಆಫೀಸಿನ ಸೈಕಲ್ ಹತ್ತಿ, ಊರು ದಾಟಿ ತಿಕೋಟದ ದಾರಿ ಹಿಡಿದ. ಹನ್ನೊಂದು ಮೈಲು. ಎದುರುಗಾಳಿ. ಎರಡೂ ಬದಿಗೆ ಎದೆಮಟ್ಟ ಜೋಳ ತಲೆಯಾಡಿಸಿ ಅವನನ್ನೇ ನೋಡಿ ನಗುವಂತಿತ್ತು. ನಾಲ್ಕು ಮೈಲಿಗೆ ಟೊಪ್ಪಿಗೆ ಹಾರಿತು, ಆರು ಮೈಲಿಗೆ ಚೈನು ಕಳಚಿತು. ಮುಂದೆ ಬಾಬುಸಾಬನ ಮೋಟಾರು ದಾರಿಯಲ್ಲೇ ನಿಂತಿತ್ತು. ಪೆಟ್ರೋಲಿಗೆ ಬರ ಬಂದ ಕಾಲ. ಇದ್ದಿಲ ಗ್ಯಾಸಿನಿಂದ ಓಡುವ ಆ ಮೋಟಾರಿನ ಬೆಂಕಿ ಆರಿ, ಬಾಬುಸಾಬ ಊದುತ್ತಿದ್ದ. ಹುಂಜ ಇನ್ನೂ ಇಲ್ಲೇ ಇದೆ ಎಂದು ಗೊಲ್ಲಾಳಪ್ಪನಿಗೆ ಹೋದ ಜೀವ ಬಂತು.

"ತಿಕೋಟಕ್ಕ ಮುಟ್ಟಿಸಿ ತಿರುಗಿ ಹೊಂಟೀನ್ರಿ," ಎಂದ ಬಾಬುಸಾಬ, ಮಸಿ ಮುಖ ಎತ್ತಿ. "ದೇವರ ಹುಂಜ ಅಂತ ಮೋಟಾರ ಟಪ್ಪಿನ ಮ್ಯಾಲ ಹಾಕಲಿಲ್ಲ. ನನ್ನ ಬಾಜೂಕ ಕುಂದ್ರಿಸಿಕೊಂಡು ಹೋಗೀನಿ."

ಬಾಬುಸಾಬನಿಗೂ ತಿಳಿದದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಅವನು ಮತ್ತೆ ಪೆಡಲು ತುಳಿದ.

ತಿಕೋಟದ ಮನೆಯ ಮುಂದೆ ಸೈಕಲ್ ಬಿಸಾಡಿದಾಗ ಮೊದಲು ಕಂಡದ್ದು ಬಾಗಿಲ ಬಳಿ ಚೆಲ್ಲಿದ್ದ ಕೆಂಪು ಕಪ್ಪು ಪುಕ್ಕ. ಮೊದಲು ಮೂಗಿಗೆ ಬಡಿದದ್ದು ಹುರಿದ ಮಸಾಲೆ. ರುಕ್ಮವ್ವ ಅವನಿಗೆ ಸೋದರತ್ತೆ, ಹೆಣ್ಣು ಕೊಟ್ಟವಳೂ ಅವಳೇ. ತಂಬಿಗೆಯಲ್ಲಿ ನೀರು ತಂದವಳಿಗೆ ಅವನು ಹುಂಜವೆಲ್ಲಿ ಎಂದು ಕೇಳಿದ. ದುರಗವ್ವಗ ಕೊಟ್ಟಾತು, ಕೈಕಾಲ ತೊಳಕೊ ಎಂದಳು. ಗೊಲ್ಲಾಳಪ್ಪ ಕಟ್ಟೆಯ ಮೇಲೆ ಕುಸಿದು, ನಲವತ್ತರ ವಯಸ್ಸಿನಲ್ಲಿ, ಮೀಸೆ ಹೊತ್ತವನು, ಹೋ ಎಂದು ಅತ್ತುಬಿಟ್ಟ.

ಆಗ ಹಿತ್ತಲಿನಿಂದ ಕೀರಲು ದನಿಯ ಕೂಗು ಕೇಳಿತು. ಆ ದನಿ ಭೂಮಂಡಲದಲ್ಲಿ ಒಂದಕ್ಕೇ ಇದ್ದದ್ದು. ಅವನು ಓಡಿ ಹೋಗಿ ಬುಟ್ಟಿ ಎತ್ತಿದ. ಸುಲ್ತಾನ! ಒಂದು ಗರಿಯೂ ಕೊಂಕಿಲ್ಲ. ಮುಂದೆ ಬಟ್ಟಲು ತುಂಬ ಜೋಳದ ನುಚ್ಚು, ಪಕ್ಕದಲ್ಲಿ ಹಿತ್ತಾಳೆ ಗಿಂಡಿಯಲ್ಲಿ ನೀರು.

"ಇದನ್ನ ಹಿಡಕೊಂಡ ಗುಡಿಗೆ ಹೋದೆ," ಎಂದಳು ರುಕ್ಮವ್ವ. "ಪೂಜಾರಿ ಮರಿ ಯಾಕ ತಂದೆವ್ವಾ ಅಂದ. ಮರಿ ಅಲ್ಲ, ಹುಂಜಾನೇ ಅಂದರ ನಗತಾನ. ಇಷ್ಟ ಕೊಟ್ಟರ ದುರಗವ್ವ ನನ್ನ ಸುಮ್ಮನ ಬಿಟ್ಟಾಳೇನು? ಬಾಜೂ ಮನಿ ಅಮೋಘಿ ಕಡೆ ಆಳೆತ್ತರದ್ದು ತಗೊಂಡ ಕೊಟ್ಟ ಬಂದೆ."

ನಾಲ್ಕು ವರ್ಷ ಹಗಲಿರುಳು ದುಡಿದು ಸಣ್ಣದು ಮಾಡಿದ್ದೇ ಸುಲ್ತಾನನ ಜೀವ ಉಳಿಸಿತ್ತು. ಗೊಲ್ಲಾಳಪ್ಪನಿಗೆ ಹಸಿವು ಒಮ್ಮೆಲೇ ಎದ್ದಿತು. ಸುಲ್ತಾನನನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ರೊಟ್ಟಿ ಮುರಿದ, ಮೂರು ಸಲ ಸಾರು ಹಾಕಿಸಿಕೊಂಡ, ಅಮೋಘಿಯ ಹುಂಜದ ಎಲುಬು ಚೀಪುತ್ತ ಆರಾಮಾಗಿ ಕೇಳಿದ, ಅಂದ ಹಾಗೆ ಹರಕೆ ಯಾತಕ್ಕ ಹೊತ್ತಿದ್ದಿ ಅತ್ತಿ ಎಂದು.

"ನಿನ್ನ ಕೋಳಿ ಹುಚ್ಚ ಬಿಡಲಿ ಅಂತ."

ಎಲುಬು ಅವನ ಬಾಯಲ್ಲೇ ಉಳಿಯಿತು.

"ಪರಸಿ ಬಂದು ಅತ್ತಿದ್ದಳು. ಇವತ್ತ ನೋಡಿದರ ನೀನ ಜೀವದ ಹುಂಜಕ್ಕ ದಾರ ಕಟ್ಟಿ ಕಳಿಸೀದಿ. ಹುಚ್ಚ ಬಿಡ್ತು ಅಂತ ಓಣಿಗೆಲ್ಲಾ ಹೇಳಿ, ಹರಕಿ ಮುಟ್ಟಿಸಿ ಬಂದೇನಿ. ಪ್ರಸಾದ ನೀನೂ ಉಂಡೀದಿ. ಇನ್ನ ದುರಗವ್ವನ್ನ ಸುಳ್ಳ ಮಾಡಬ್ಯಾಡಪ್ಪ."

ಮೂರು ಸಲ ಸಾರು ಹಾಕಿಸಿಕೊಂಡವನು ಪ್ರಸಾದ ಉಂಡಿಲ್ಲ ಎನ್ನಲಾದೀತೇ? ಜೀವವಂತೂ ಉಳಿಯಿತಲ್ಲ ಎಂದು ಮನಸ್ಸನ್ನು ಹಗುರ ಮಾಡಿಕೊಂಡ. ಆಮೇಲೆ ಸುಲ್ತಾನನ ಬೆನ್ನು ಸವರಿ, ಇದು ಇಲ್ಲೇ ಇರಲಿ ಅತ್ತಿ, ವಾರಕ್ಕೊಮ್ಮೆ ಬಂದು ಮುಖ ನೋಡಿ ಹೋಗುತ್ತೇನೆ ಎಂದ.

ರುಕ್ಮವ್ವ ಹುಂಜವನ್ನು ಅವನ ತೊಡೆಯಿಂದ ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. "ಬಾ. ಬರೂ ಮುಂದ ಎರಡ ಹ್ಯಾಟಿ ತಗೊಂಡ ಬಾ. ಸಣ್ಣವು ನೋಡಿ ತಾ, ದೊಡ್ಡವು ತಂದರ ಇದರ ಕುಲ ಕೆಡತದ."

ಗೊಲ್ಲಾಳಪ್ಪ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. "ಹುಚ್ಚ ಬಿಡಲಿ ಅಂತ ಬೇಡಿಕೊಂಡಾಕಿ ನೀನಽ ಅಲ್ಲೇನ ಅತ್ತಿ?"

"ಬೇಡಿಕೊಂಡದ್ದು ನಿನ್ನ ಹುಚ್ಚ ಬಿಡಲಿ ಅಂತ," ಎಂದಳು ರುಕ್ಮವ್ವ. "ನನ್ನ ಸುದ್ದಿ ದುರಗವ್ವಗ ಯಾರ ಹೇಳ್ಯಾರ?"