ಚಾರ್ಟಿನಲ್ಲಿ ಸೂರ್ಯನಿರಲಿಲ್ಲ

ಚಾರ್ಟು ಬರೆಯುವವರನ್ನು ಪೂರ್ತಿ ನಂಬಬೇಡಿ. ಅದನ್ನೇ ಬರೆದು ಹೊಟ್ಟೆ ಹೊರೆಯುವವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಮೂಡುಬಿದಿರೆಯ ನಮ್ಮ ಮನೆಯ ಊಟದ ಮೇಜಿನ ಒಂದು ತುದಿಯೇ ನನ್ನ ಆಫೀಸು. ನಮ್ಮ ಕಂಪನಿಯ ಆ್ಯಪ್ ಹಲವು ಬ್ಲಾಕ್‌ಚೈನ್‌ಗಳ ಜೊತೆ ಕೆಲಸ ಮಾಡುತ್ತದೆ. ಅದರ ಕೈಪಿಡಿ ಬರೆಯುವವನು ನಾನು. ಬ್ಲಾಕ್‌ಚೈನ್ ಎಂದರೇನೆಂದು ನೆಂಟರು ಕೇಳಿದರೆ ಕೆಮ್ಮು ಬರಿಸಿಕೊಳ್ಳುತ್ತೇನೆ. ನಿಮಗೆ ಇಷ್ಟು ಸಾಕು: ಒಂದೊಂದು ಚೈನೂ ಒಂದೊಂದು ಮನೆತನ, ಒಂದಕ್ಕೆ ಒಗ್ಗುವ ಸೌಲಭ್ಯ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಮೊದಲು ಚೈನಿಗೊಂದು ಅಧ್ಯಾಯ ಬರೆದಿದ್ದೆ. ಒಂದೇ ಮಾತು ಎಲ್ಲ ಅಧ್ಯಾಯಗಳಲ್ಲೂ ಬಂದು, ಒಂದು ಕಡೆ ತಿದ್ದಿದರೆ ಉಳಿದ ಕಡೆ ಹಳೆಯದೇ ಇರುತ್ತಿತ್ತು. ಸೌಲಭ್ಯಕ್ಕೊಂದು ಅಧ್ಯಾಯ ಮಾಡೋಣವೆಂದರೆ, ತನ್ನ ಚೈನಿಗೆ ಏನೇನು ಉಂಟೆಂದು ತಿಳಿಯಲು ಓದುವವ ಇಡೀ ಕೈಪಿಡಿ ಮಗುಚಬೇಕು. ನಾನು ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿ ಸುಜಾತಾ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು ಮಗಳ ಹುಟ್ಟುಹಬ್ಬದ ಅಡುಗೆ ಯೋಚಿಸುತ್ತಿದ್ದಳು. ನನ್ನ ಗೆಳೆಯ ಹಮೀದನ ಮನೆಯವರಿಗೆ ಕೋಳಿ ಹಲಾಲ್ ಆಗಬೇಕು. ಸುಜಾತಾಳ ಅಮ್ಮನಿಗೆ ಆ ವಾರ ಮೀನು ಮಾಂಸ ಇಲ್ಲ. ಪಕ್ಕದ ಮನೆಯ ಪದ್ಮಾವತಿ ಅಕ್ಕ ಜೈನರು, ನೆಲದಡಿ ಬೆಳೆಯುವ ಯಾವ ಗೆಡ್ಡೆಯೂ ಆಗದು. ನಾವಿಬ್ಬರೂ ಕೆಲಸದಲ್ಲಿ ಮುಳುಗಿದ್ದಾಗ ಮಗಳನ್ನು ಎತ್ತಿ ಆಡಿಸಿದವರು ಅವರೇ. ಅಕ್ಕ ಹೊಟ್ಟೆ ತುಂಬ ಉಂಡರೆ ಮಾತ್ರ ಹುಟ್ಟುಹಬ್ಬ ಆದಂತೆ ಎಂದು ಸುಜಾತಾ ಹೇಳಿಬಿಟ್ಟಿದ್ದಳು.

ನನ್ನ ಕುತೂಹಲ ಕೆರಳಿತು. ಅರೆ, ಇದು ನನ್ನ ಕೈಪಿಡಿಯದೇ ಕಥೆಯಲ್ಲವೇ? ಕೂಡಲೇ ಒಂದು ಚಾರ್ಟು ಬರೆದೆ: ಎಡಗಡೆ ಅಡುಗೆಗಳು, ಮೇಲೆ ಬರುವವರ ಹೆಸರು, ಆಗುವ ಕಡೆ ಹಸಿರು ಗುರುತು. ಅಡ್ಡ ಓದಿದರೆ ಒಂದು ಅಡುಗೆ ಯಾರಿಗೆಲ್ಲ ಆದೀತು, ಉದ್ದ ಓದಿದರೆ ಒಬ್ಬರಿಗೆ ಏನೇನು ಉಂಟು. ತೆಂಗಿನಕಾಯಿ ಅರೆದು ಮಾಡುವ ಕಡಲೆ ಗಸಿಯಿಂದ ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಎಲ್ಲವನ್ನೂ ಓಡಿಸಿ ಅಕ್ಕನ ಸಾಲನ್ನು ಹಸಿರು ಮಾಡಿದೆ. ಅದೇ ಹುಮ್ಮಸ್ಸಿನಲ್ಲಿ ಕೈಪಿಡಿಯನ್ನೂ ಹಾಗೆಯೇ ಜೋಡಿಸಿ ಬೆಂಗಳೂರಿನ ಮ್ಯಾನೇಜರಿಗೆ ಕಳಿಸಿದೆ.

ಎಲ್ಲರ ಕೆಲಸ ಮುಗಿದಿರಲಿ ಎಂದು ಹುಟ್ಟುಹಬ್ಬದ ಊಟವನ್ನು ಸಂಜೆ ಏಳು ಗಂಟೆಗೆ ಇಟ್ಟವನೂ ನಾನೇ. ಚಾರ್ಟನ್ನು ಬಡಿಸುವ ಮೇಜಿನ ಹಿಂದೆ ಗೋಡೆಗೆ ಅಂಟಿಸಿದ್ದೆ. ಇವ ಕೋಳಿಗೂ ಪಾಸ್‌ಪೋರ್ಟ್ ಮಾಡಿಸಿದ್ದಾನೆ ಎಂದು ಹಮೀದ ಹೆಂಡತಿಗೆ ತೋರಿಸಿ ನಕ್ಕ. ಅಕ್ಕ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರು. ನಾನು ತಟ್ಟೆ ಹಿಡಿದು ಅವರ ಸಾಲನ್ನು ಮೇಲಿಂದ ಕೆಳಗೆ ಓದಿ ಹೇಳಿದೆ. ಅಕ್ಕ ಕಿಟಕಿಯ ಕಡೆ ನೋಡಿದರು. ಹೊರಗೆ ಕತ್ತಲೆ.

"ಎಲ್ಲ ನನಗೆ ಆಗುವುದೇ ಮಾಡಿದ್ದಿ ಮಾರಾಯ. ಆದರೆ ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ ಅಲ್ಲವಾ," ಎಂದರು.

ಗೊತ್ತಿಲ್ಲದ ವಿಷಯವೇ? ದಿನಾ ಸಂಜೆ ಅಕ್ಕನ ಮನೆಯಲ್ಲಿ ಊಟದ ಪಾತ್ರೆ ತೊಳೆಯುವ ಸದ್ದು ಕೇಳಿಯೇ ನಾನು ಲ್ಯಾಪ್‌ಟಾಪ್ ಮುಚ್ಚುವುದು. ಆದರೆ ಚಾರ್ಟಿನಲ್ಲಿ ಹೊತ್ತಿಗೆ ಜಾಗವೇ ಇರಲಿಲ್ಲ. ಹಿಡಿದಿದ್ದ ತಟ್ಟೆಯನ್ನು ಮೇಜಿನ ಮೇಲೆ ಇಟ್ಟೆ. ಸುಜಾತಾ ಬಯ್ಯಲಿಲ್ಲ.

"ಇದರಲ್ಲಿ ಸೂರ್ಯ ಎಲ್ಲಿ ಉಂಟು, ತೋರಿಸಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಬರ್ತೇನೆ ಎಂದು ಅಕ್ಕನೇ ಸಮಾಧಾನ ಹೇಳಿದರು. ನಾನು ಉತ್ಸಾಹದಿಂದ ಗಸಿಯನ್ನು ಫ್ರಿಜ್ಜಿಗೆ ಸೇರಿಸಹೊರಟಾಗ ಸುಜಾತಾ ತಡೆದಳು. ರಾತ್ರಿ ಕಳೆದ ಅಡುಗೆಯೂ ಅಕ್ಕನಿಗೆ ಆಗುವುದಿಲ್ಲವಂತೆ. ಅದೂ ಚಾರ್ಟಿನಲ್ಲಿರಲಿಲ್ಲ. ಮರುದಿನ ಅವಳು ಹೊಸದಾಗಿ ಗಸಿ ಮಾಡಿ, ನೀರುದೋಸೆ ಹೊಯ್ದಳು. ಅಕ್ಕ ಬಿಸಿಲು ಬೀಳುವ ಕಡೆ ಕುಳಿತು, ಮಗಳ ಬಾಯಿಗೂ ತುತ್ತಿಡುತ್ತ ಹೊಟ್ಟೆ ತುಂಬ ಉಂಡರು. ಆಗ ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಆಯಿತು.

ಕೈಪಿಡಿಗೆ 'ಯಾವಾಗ' ಎಂಬ ಸಾಲು ಸೇರಿಸಿ ಮತ್ತೆ ಕಳಿಸಿದೆ. ಹಸಿರು ಗುರುತು ಇದ್ದರೂ ಆ್ಯಪಿನ ಹಳೆಯ ಆವೃತ್ತಿಯಲ್ಲಿ ನಡೆಯದ ಸೌಲಭ್ಯಗಳು ಬೇಕಾದಷ್ಟಿದ್ದವು. ಮ್ಯಾನೇಜರು ಬಹಳ ಮೆಚ್ಚಿ, ಎಲ್ಲ ಕೈಪಿಡಿಗಳಿಗೂ ಇದೇ ಮಾದರಿ ಎಂದು ಸಾರಿದ್ದಾರೆ. ಮನೆಯಲ್ಲಿ ಮಾತ್ರ ಮುಂದಿನ ಹುಟ್ಟುಹಬ್ಬ ಮಧ್ಯಾಹ್ನ ಎಂದು ನನ್ನನ್ನು ಕೇಳದೆಯೇ ತೀರ್ಮಾನವಾಗಿದೆ. ನನಗೆ ಬಲೂನು ಊದುವ ಕೆಲಸವಂತೆ. ಅದು ಎಲ್ಲರಿಗೂ, ಎಲ್ಲ ಹೊತ್ತಿಗೂ ಆಗುತ್ತದೆ.