ನವಿಲು ಮೀನಿಗೆ ಗಾಳ ಆರಿಸಿದ್ದು

ಕೆಲವರು ಒಂದು ಕೆಲಸಕ್ಕೆ ಹೊರಟರೆ ಆ ಕೆಲಸ ಮುಗಿಸಿಕೊಂಡು ಮನೆಗೆ ಬರುತ್ತಾರೆ. ನಾನು ಹೊರಟರೆ ನಡುವೆ ಏನಾದರೊಂದು ಆಗಿಯೇ ತೀರುತ್ತದೆ, ಅದನ್ನು ನೋಡಲು ಪರಿಚಯದವರು ಯಾರಾದರೂ ಅಲ್ಲಿ ನಿಂತೇ ಇರುತ್ತಾರೆ. ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಮನೆ ಧಾರವಾಡದ ಸಪ್ತಾಪುರದಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಬಸ್ಸಿನ ವಿಷಯ ಮುಂದೆ ಎಲ್ಲಿಯೂ ಬರುವುದಿಲ್ಲ. ಎರಡು ಊರಿನ ಹೆಸರು ಓದಿ ಯಾರಿಗೂ ಗೊಂದಲವಾಗಬಾರದೆಂದು ಹೇಳಿದೆ, ಅಷ್ಟೆ.

ಬಾಯಿ ಜಾರಿತು

ಕಚೇರಿಯ ಆರು ಜನ ಸೇರಿ ಥೈಲ್ಯಾಂಡಿಗೆ ಪ್ರವಾಸ ಹೋಗುವುದೆಂದು ನಿಶ್ಚಯವಾಗಿತ್ತು. ಚಹಾದ ಹೊತ್ತಿಗೆ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಪ್ರವಾಸದ ಪಟ್ಟಿ ಓದಿದರು. ಮೂರನೆಯ ದಿನ ಬೆಳಿಗ್ಗೆ ಒಂದು ಕೆರೆಯಲ್ಲಿ ಪೀಕಾಕ್ ಬಾಸ್ ಹಿಡಿಯುವುದು ಎಂದಿತ್ತು. ಹಿಡಿದವರು ಫೋಟೋ ತೆಗೆಸಿಕೊಂಡು ಮೀನನ್ನು ಮತ್ತೆ ನೀರಿಗೇ ಬಿಡಬೇಕು.

"ಪೀಕಾಕ್ ಅಂದ್ರ ನವಿಲಲ್ಲೇನ್ರಿ? ಹಿಡದ್ರ ಕೇಸ್ ಆಗತೈತಿ," ಎಂದರು ಒಬ್ಬರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಅದು ನವಿಲಲ್ಲ, ಮೀನೇ. ಮೈ ಹಸಿರು-ಹಳದಿ, ಬಾಲದ ಬುಡದಲ್ಲಿ ನವಿಲುಗರಿಯ ಕಣ್ಣಿನಂಥ ಚುಕ್ಕೆ. ಅದಕ್ಕೇ ಆ ಹೆಸರು. ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. ಆದರೂ ನನಗೆ ಇದೆಲ್ಲ ಗೊತ್ತಿತ್ತು, ಏಕೆಂದರೆ ನೀರಿನ ಟಾಕಿ ತೊಳೆಯುವುದು ಹೇಗೆ ಎಂದು ಮೊಬೈಲಿನಲ್ಲಿ ನೋಡಲು ಹೋಗಿ, ಎರಡು ಭಾನುವಾರ ಪೂರ್ತಿ ಮೀನು ಹಿಡಿಯುವ ವಿಡಿಯೋ ನೋಡಿದ್ದೆ.

ಕಚೇರಿಯವರಿಗೂ ಇಷ್ಟು ಹೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಎಲ್ಲರೂ ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಿದ್ದರು. ಆ ಹುರುಪಿನಲ್ಲಿ, "ನಾ ಭಾಳ ಹಿಡದೇನ್ರಿ," ಎಂದುಬಿಟ್ಟೆ.

ಟಪಾಲು ವಿಭಾಗದ ಮೇಡಂ ಕಪ್ಪು ಕೆಳಗಿಟ್ಟರು. "ಎಲ್ಲೆ ಹಿಡದೀರಿ? ನಳದ ನೀರಾಗೇನು? ರೀಲ್ ಬಿಡಬ್ಯಾಡ್ರಿ."

ರೀಲ್ ಬಿಡುವುದೆಂದರೆ ಸುಳ್ಳು ಹೇಳುವುದೆಂದು ಎಲ್ಲರಿಗೂ ಗೊತ್ತು. ಆದರೆ ಮೀನು ಹಿಡಿಯುವವರಲ್ಲಿಯೂ ರೀಲ್ ಎಂಬ ಸಾಮಾನಿದೆ. ಅದು ದಾರ ಸುತ್ತುವ ಉರುಳೆ, ಅದರಿಂದ ದಾರ ಬಿಡಲೇಬೇಕು. ನಾನು ಆ ಅರ್ಥದಲ್ಲಿ, ಬಹಳ ಗಂಭೀರವಾಗಿ, "ಮೇಡಂ, ರೀಲ್ ಬಿಡದ ಇದ್ರ ಮೀನು ಸಿಗೂದಿಲ್ರಿ," ಎಂದೆ. ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು.

ಮೇಡಂ ಮಾತ್ರ ನಗಲಿಲ್ಲ. "ಮೀನಿನ ಜೋಡಿ ನಿಂತು ಫೋಟೋ ತಗಿಸ್ಕೊಂಡು ಬರ್ರಿ. ಅಲ್ಲೀತನಕ ನಿಮ್ಮ ಒಂದ ಮಾತೂ ನಂಬೂದಿಲ್ಲ," ಎಂದರು. ಅವರು ನಂಬದಿದ್ದರೆ ಕಚೇರಿಯಲ್ಲಿ ಯಾರೂ ನಂಬುವುದಿಲ್ಲ. ನಾಳೆ ಖರೇ ಜ್ವರ ಬಂದು ರಜೆ ಕೇಳಿದರೂ ನನ್ನ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಆಡಿದ್ದನ್ನು ನಿಜ ಮಾಡಲು ಒಂದಾದರೂ ಮೀನು ಹಿಡಿಯಲೇಬೇಕಾಯಿತು.

ಅಳಿಯನಂಥ ರಾಡು

ಹುಬ್ಬಳ್ಳಿಯಲ್ಲಿ ಹಗ್ಗ, ಬಲೆ, ಬ್ಯಾಟರಿ ಮಾರುವ ಒಂದು ಹಳೆಯ ಅಂಗಡಿಯಿದೆ. ಅಲ್ಲಿ ಮೀನಿನ ಸಾಮಾನೂ ಸಿಗುತ್ತದೆಂದು ಕೇಳಿ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ವಯಸ್ಸಾದ ಕಾಕಾ ಕೂತಿದ್ದರು.

"ಏನ ಹಿಡೀತೀರಿ?"

"ನವಿಲು ಮೀನ್ರಿ ಕಾಕಾ. ಥೈಲ್ಯಾಂಡಿನಾಗ."

"ತಿಂತೀರೇನು?"

"ಇಲ್ರಿ, ಹಿಡದು ಬಿಡೂದು."

ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮನ್ಯಾಗ ಕುಂತ್ರ ಹಿಡಿಯೂದೂ ಇಲ್ಲ, ಬಿಡೂದೂ ಇಲ್ಲ. ಅಷ್ಟ ದೂರ ಯಾಕ ಹೋಗತೀರಿ?"

ನಾನು ಟಪಾಲು ಮೇಡಂ ಕಥೆ ಹೇಳಿದೆ. ಅವರಿಗೆ ಕನಿಕರ ಬಂತು. ಒಳಗಿನಿಂದ ಎರಡು ತುಂಡು ಜೋಡಿಸುವ ಏಳು ಅಡಿಯ ರಾಡು ತಂದರು. ರಾಡೆಂದರೆ ಮನೆ ಕಟ್ಟುವ ಕಬ್ಬಿಣದ ರಾಡಲ್ಲ, ಗಾಳದ ಕೋಲು. ಅದರ ತುದಿ ಹಿಡಿದು ಬಗ್ಗಿಸಿ ತೋರಿಸಿದರು.

"ನೋಡ್ರಿ, ರಾಡು ಅಳಿಯ ಇದ್ದಂಗ ಇರಬೇಕು. ಎಳದ್ರ ಬಾಗಬೇಕು, ಮುರೀಬಾರ್ದು, ಬಿಟ್ರ ನೆಟ್ಟಗಾಗಬೇಕು."

ಆಮೇಲೆ ಸುಳ್ಳುಮೀನುಗಳ ಡಬ್ಬಿ ತೆರೆದರು. ಸುಳ್ಳುಮೀನೆಂದರೆ ಗಾಳಕ್ಕೆ ಕಟ್ಟುವ ಪ್ಲಾಸ್ಟಿಕ್ಕಿನ ಬಣ್ಣದ ಮೀನು. ನೀರಿನ ಮೇಲೆ ಎಳೆದರೆ ಪಚಕ್ ಪಚಕ್ ಎಂದು ಸಪ್ಪಳ ಮಾಡುತ್ತದೆ. ನವಿಲು ಮೀನು ಸಿಟ್ಟಿನ ಸ್ವಭಾವದ್ದು, ಆ ಸಪ್ಪಳ ಕೇಳಿ ಹೊಡೆಯಲು ಬರುತ್ತದೆ. ಬಂಗಾರದ ಬಣ್ಣದ್ದು ತೆಗೆದುಕೊಳ್ಳಲೋ ಬೆಳ್ಳಿ ಬಣ್ಣದ್ದೋ ಎಂದು ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಕೇಳಿದೆ, "ಕಾಕಾ, ಮೀನಿಗೆ ಯಾವ ಬಣ್ಣ ಸೇರತೈತ್ರಿ?"

"ಅದು ಮೀನಿಗೆ ಗೊತ್ತು," ಎಂದರು ಕಾಕಾ. "ಗಿರಾಕಿಗೆ ಬಂಗಾರ ಸೇರತೈತಿ ಅನ್ನೂದಷ್ಟ ನನಗ ಗೊತ್ತು."

ನಾನು ಬಂಗಾರದ್ದನ್ನೇ ತೆಗೆದುಕೊಂಡೆ.

ಹರಿಯದ ದಾರ

ನವಿಲು ಮೀನಿಗೆ ಸಾದಾ ದಾರ ನಡೆಯುವುದಿಲ್ಲ, ಒಂದೇ ಏಟಿಗೆ ಹರಿದುಬಿಡುತ್ತದೆ. ಹಲವು ಎಳೆ ಹೆಣೆದ ತೆಳ್ಳನೆಯ ಹಸಿರು ದಾರ ಬೇಕು. ಕಾಕಾ ಅಂಥದೊಂದು ಉಂಡೆ ಕೊಟ್ಟಿದ್ದರು. ಅದನ್ನು ಪಡಸಾಲೆಯ ಮೇಜಿನ ಮೇಲೆ ಇಟ್ಟು ಕಚೇರಿಗೆ ಹೋದದ್ದು ನನ್ನ ತಪ್ಪು.

ಅಂದು ಶುಕ್ರವಾರ. ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಇಬ್ಬರು ಅರಿಶಿನ-ಕುಂಕುಮಕ್ಕೆ ಬಂದಿದ್ದರು. ಆದರೆ ಕೂತಿರಲಿಲ್ಲ. ಮುಂದೆ ಒಬ್ಬರು, ಅವರ ಬೆನ್ನ ಹಿಂದೆ ಇನ್ನೊಬ್ಬರು, ಅವರ ಹಿಂದೆ ನನ್ನ ಹೆಂಡತಿ, ಹೀಗೆ ಸಾಲಾಗಿ ನಿಂತಿದ್ದರು. ಅವ್ವ ಆ ಹಸಿರು ದಾರದಿಂದ ಮಲ್ಲಿಗೆ ಕಟ್ಟಿದ್ದಳು. ಮೂವರಿಗೂ ಮುಡಿಸಿ ಆಮೇಲೆ ಹರಿದರಾಯಿತೆಂದು ಒಂದೇ ಮಾಲೆ ಮೂರು ಹೆರಳಿಗೆ ಸಿಕ್ಕಿಸಿದ್ದಳು. ಹರಿಯಲು ಹೋದರೆ ದಾರ ಹರಿಯಲೊಲ್ಲದು.

"ಹಲ್ಲಿಲೆ ಕಡದೆ, ಹಲ್ಲ ಅಲಗ್ಯಾಡಾಕತ್ತೈತಿ," ಎಂದಳು ಅವ್ವ.

"ಕತ್ತರಿ ತರ್ತೇನಿ ತಡಿ," ಎಂದೆ.

"ಮುತ್ತೈದಿ ಮುಡಿದ ಹೂವಿಗೆ ಕತ್ತರಿ ಹಚ್ಚತೀ? ಬುದ್ಧಿ ಐತೇನು ನಿನಗ?"

ಅಷ್ಟರಲ್ಲಿ ಮುಂದೆ ನಿಂತವರು ಕೂಗಿದರು. "ಅಯ್ಯ, ಒಲಿ ಮ್ಯಾಲ ಹಾಲ ಇಟ್ಟ ಬಂದೇನ್ರೀ!" ಅವರು ಓಡಿದರು. ಅವರು ಓಡಿದ ಮೇಲೆ ಉಳಿದಿಬ್ಬರಿಗೆ ಬೇರೆ ದಾರಿಯಿರಲಿಲ್ಲ. ಮೂವರೂ ರೈಲಿನ ಡಬ್ಬಿಗಳಂತೆ ಗೇಟು ದಾಟಿ ಹೋಗಿ ಹಾಲು ಇಳಿಸಿ ಬಂದರು. ಆಮೇಲೆ ಅವ್ವ ಒಂದೊಂದೇ ಗಂಟು ಬಿಚ್ಚಿ ಅವರನ್ನು ಬಿಡುಗಡೆ ಮಾಡಿದಳು.

ನನಗೆ ಮಾತ್ರ ಒಳಗೊಳಗೇ ಸಂತೋಷ. ಈ ದಾರವನ್ನು ಯಾವ ಮೀನೂ ಹರಿಯಲಾರದು. ಅವ್ವನಿಗೂ ಸಂತೋಷ. "ಇನ್ನೊಂದ ಉಂಡಿ ತಂದ ಇಡೋ," ಎಂದಳು. "ಇದರಾಗ ಹೂವ ಕಟ್ಟಿದ್ರ ಬಂದಾವರು ಲಗೂನ ಎದ್ದು ಹೋಗಾಂಗಿಲ್ಲ."

ಮಾಳಿಗೆಯ ಮೇಲಿನ ಅಭ್ಯಾಸ

ಇದು ಸಣ್ಣ ಪ್ರಸಂಗ. ಸುಳ್ಳುಮೀನಿನ ಕೊಕ್ಕೆ ಬಿಚ್ಚಿಟ್ಟು ಮಾಳಿಗೆಯ ಮೇಲೆ ಎಸೆಯುವ ಅಭ್ಯಾಸ ಮಾಡುತ್ತಿದ್ದೆ. ಕೊಕ್ಕೆ ಬಿಚ್ಚಿದ್ದು ಯಾರಿಗೂ ಚುಚ್ಚಬಾರದೆಂದು. ನಾಲ್ಕನೆಯ ಏಟಿಗೆ ಅದು ಪಕ್ಕದ ಮಾಳಿಗೆಯಲ್ಲಿ ಆಗಷ್ಟೇ ಇಟ್ಟ ಹಸಿ ಸಂಡಿಗೆಯ ಮೇಲೆ ಬಿತ್ತು. ಗಾಬರಿಯಿಂದ ಎಳೆದೆ. ಎರಡು ಸಂಡಿಗೆ ಅಂಟಿಕೊಂಡು ನಮ್ಮ ಮಾಳಿಗೆಗೆ ಬಂದವು.

ಸಂಡಿಗೆ ಕಾಯಲು ಅಲ್ಲಿ ಕೂತಿದ್ದ ಅಜ್ಜಿ ಕೊಡೆ ಸರಿಸಿ ನೋಡಿದರು. "ತಮ್ಮಾ, ಬೇಕಂದ್ರ ಕೇಳು, ಕೊಡತೇನಿ. ಇಷ್ಟ ಕಷ್ಟಪಟ್ಟು ಯಾಕ ಕದೀತೀ?"

ಫೋಟೋ

ಕೊನೆಗೂ ಥೈಲ್ಯಾಂಡಿನ ಆ ಕೆರೆಗೆ ಹೋದೆವು. ಉಳಿದ ನಾಲ್ವರು ಪೇಟೆ ನೋಡಲು ಹೋದರು. ದಂಡೆಯ ಮೇಲೆ ನಾನು, ಸಾಹೇಬರು ಮತ್ತು ಅಲ್ಲಿನ ಒಬ್ಬ ಸಹಾಯಕ, ಇಷ್ಟೇ ಜನ. ಸಹಾಯಕನಿಗೆ ಕನ್ನಡ ಬಾರದು, ನಮಗೆ ಅವನ ಭಾಷೆ ಬಾರದು. ಎರಡು ತಾಸು ಎಸೆದೆ, ಎಳೆದೆ. ಏನೂ ಬರಲಿಲ್ಲ. ಮೊಬೈಲು ಹಿಡಿದು ನೆರಳಲ್ಲಿ ಕೂತಿದ್ದ ಸಾಹೇಬರು ಕೇಳಿದರು, "ಏನ್ರಿ, ಮೇಡಂಗ ಏನ ಹೇಳೂಣು?"

ಅವರು ಹೇಳಿ ಮುಗಿಸುವ ಮೊದಲೇ ನೀರು ಸಿಡಿಯಿತು. ಯಾರೋ ಕೆರೆಗೆ ಬೀಸುಕಲ್ಲು ಒಗೆದಂತಾಯಿತು. ರಾಡು ಬಾಗಿತು, ನಾನೂ ಬಾಗಿದೆ. "ಬಿಡಬ್ಯಾಡ್ರಿ, ಬಿಡಬ್ಯಾಡ್ರಿ!" ಎಂದು ಸಾಹೇಬರು ಎದ್ದು ನನ್ನ ಬೆಲ್ಟು ಹಿಡಿದುಕೊಂಡರು. ಹತ್ತು ನಿಮಿಷ ಗುದ್ದಾಡಿದ ಮೇಲೆ ಮೀನು ದಂಡೆಗೆ ಬಂತು. ಹಸಿರು, ಹಳದಿ, ಬಾಲದಲ್ಲಿ ಆ ಕಣ್ಣು. ಅಷ್ಟು ಚೆಂದದ ಜೀವವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸಹಾಯಕ ಕೊಕ್ಕೆ ಬಿಡಿಸಿ, ಫೋಟೋಕ್ಕೆ ಹಿಡಿದುಕೊಳ್ಳಿ ಎಂಬಂತೆ ಮೀನನ್ನು ನನ್ನ ಕಡೆ ಚಾಚಿದ. ಆಗ ಹೊಳೆಯಿತು. ರಾಡು ಆರಿಸಿದ್ದೆ, ದಾರ ಆರಿಸಿದ್ದೆ, ಬಣ್ಣ ಆರಿಸಿದ್ದೆ. ಆದರೆ ಹುಟ್ಟಿದಾಗಿನಿಂದ ಒಂದು ಮೀನನ್ನೂ ಮುಟ್ಟಿರಲಿಲ್ಲ. ಅದು ಬಾಲ ಬಡಿಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಏನು ಮಾಡಬೇಕೆಂದು ತಿಳಿಯದೆ ನಿಂತಾಗ ನನ್ನ ಎರಡೂ ಕೈ ನಮಸ್ಕಾರ ಮಾಡುವಂತೆ ತಾವಾಗಿಯೇ ಕೂಡಿಕೊಂಡವು. ಅದೇ ಕ್ಷಣಕ್ಕೆ ಸಾಹೇಬರು ಫೋಟೋ ತೆಗೆದರು. ಮೀನನ್ನು ಬಹಳ ಹೊತ್ತು ಹೊರಗಿಡುವಂತಿರಲಿಲ್ಲ, ಸಹಾಯಕ ನೀರಿಗೆ ಬಿಟ್ಟುಬಿಟ್ಟ. ಇದ್ದದ್ದು ಅದೊಂದೇ ಫೋಟೋ.

ಕಚೇರಿಗೆ ಬಂದ ದಿನ ಟಪಾಲು ಮೇಡಂ ಮೊಬೈಲು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇದರಾಗ ಮೀನ ಹಿಡದಾಂವ ಯಾರು?"

"ನಾನ ರಿ."

"ಕೈಯಾಗ ಹಿಡಕೊಂಡಾಂವ?"

"ಅಂವ ಅಲ್ಲಿಯವ ರಿ."

"ಹಂಗಾರ ನೀವು ಕೈ ಮುಗದು ನಿಂತು ಏನ ಮಾಡಾಕತ್ತೀರಿ? ವೋಟ್ ಕೇಳಾಕತ್ತೀರೇನು?"

ಎಲ್ಲರೂ ನಕ್ಕರು. ನನ್ನ ಮುಖ ಸಣ್ಣದಾಯಿತು. ಏಳು ಅಡಿ ರಾಡು, ಎರಡು ತಾಸಿನ ಬಿಸಿಲು, ಎಲ್ಲ ವ್ಯರ್ಥ ಎನಿಸಿತು. ಆಗ ಸಾಹೇಬರು ತಮ್ಮ ಕುರ್ಚಿಯಿಂದಲೇ ಹೇಳಿದರು. "ನಗಬ್ಯಾಡ್ರಿ. ಇವರ ಹಿಡದದ್ದು, ನಾ ಕಣ್ಣಿಲೆ ನೋಡೇನಿ. ಮೀನು ನೀರಿಗೆ ಬಿಡೂಮುಂದ ಇವರು ಬಗ್ಗಿ ಏನಂದ್ರು ಗೊತ್ತೇನು? 'ಹೋಗಿ ಬರ್ರಿ' ಅಂದ್ರು."

ಹಾಗೆಂದದ್ದು ನನಗೇ ನೆನಪಿರಲಿಲ್ಲ. ಮೇಡಂ ಮೊಬೈಲು ನನ್ನ ಕೈಗೆ ಕೊಟ್ಟರು.

"ಹಂಗಾರ ಖರೇನ ಹಿಡದಾರ್ರಿ, ಮೀನು ಇವರ ಕಡೇನ ಬಂದೈತಿ," ಎಂದರು. "ಧಾರವಾಡದಾವರು ಮನಿಗೆ ಬಂದಾವರಿಗೆ ಬಿಟ್ರ ಬ್ಯಾರೆ ಯಾರಿಗೂ ಹಂಗ ಅನ್ನೂದಿಲ್ಲ."